ಆರನೆಯ ಹಲ್ಲು

ಶಿಡ್ಲಘಟ್ಟದಲ್ಲಿ ಹಲ್ಲುನೋವಿಗೆಂದು ಯಾರೂ ರಜೆ ಕೊಡುವುದಿಲ್ಲ,
ಮುನವ್ವರಾ ಕೇಳಲೂ ಇಲ್ಲ.
ಲವಂಗ ಕಚ್ಚಿಕೊಂಡು, ಕುದಿನೀರಿನ ಬೋಗುಣಿಯಲ್ಲಿ
ಗೂಡುಗಳ ತುದಿಯೆಳೆ ಹುಡುಕುತ್ತ ಕೂತಳು, ಹನ್ನೊಂದು ದಿನ.
ಎಡಗಡೆ, ಮೇಲಿನ ದವಡೆ.
ಪಕ್ಕದ ಬೋಗುಣಿಯವಳು ನಾನು.
ಒತ್ತಿಕೋ ಅಂತ ನಶ್ಯ ಕೊಟ್ಟವಳೂ ನಾನೇ, ಅಂದವಳೂ ನಾನೇ:
ಹಲ್ಲು ತಾನೇ, ಕಣ್ಣಲ್ಲವಲ್ಲ.

ಮಾರನೆಯ ದಿನ ಕೆನ್ನೆ ಊದಿತು.
ಅದರ ಮಾರನೆಯ ದಿನ ಊತ ಮೇಲಕ್ಕೆ ಹತ್ತಿತು.
ರೆಪ್ಪೆ ಬಲಿತ ಗೂಡಿನಂತೆ
ಬಿಗಿದು, ಮಿರಿಮಿರಿ ಮಿಂಚುತ್ತಿತ್ತು.
ಬೆರಳಲ್ಲಿ ಬಿಡಿಸಿ ನೋಡಿದರೆ ಗುಡ್ಡೆ
ಮುಂದಕ್ಕೆ ಬಂದು ನಿಂತಿದೆ, ಅತ್ತಿತ್ತ ತಿರುಗದು.
"ಎರಡೆರಡು ರಾಟೆ ಕಾಣ್ತದೆ ಅಕ್ಕಾ."
ಮೈ ಕೆಂಡ.
ಯಾರೋ ದೃಷ್ಟಿ ಅಂದರು, ಮೆಣಸಿನಕಾಯಿ ಸುಟ್ಟರು.
ಘಾಟೇ ಇಲ್ಲ ಅಂದಳು, ನೋಡಿದಿರಾ ಅಂದರು ಅವರು.
ಮೂಗು ಕಟ್ಟಿ ಆಗಲೇ ನಾಲ್ಕು ದಿನವಾಗಿತ್ತು ಅವಳಿಗೆ.

ಗೂಡಿನ ಚೀಲ ಇಳಿಸಿ ಹೊರಟಿದ್ದ ಟೆಂಪೊ ಹತ್ತಿದೆವು.
ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹುಡುಗಿಯಂಥ ಡಾಕ್ಟರು
ಸ್ಕ್ಯಾನಿನ ಹಾಳೆ ಬೆಳಕಿಗೆ ಹಿಡಿದು ತೋರಿಸಿದರು:
ಇದು ಆರನೆಯ ಹಲ್ಲು. ಬೇರಿನ ಮೇಲೊಂದು ಗಾಳಿಯ ಕೋಣೆ.
ಆ ಕೋಣೆಯ ಚಾವಣಿಯೇ ಕಣ್ಣಿಗೆ ನೆಲ.
ನಡುವೆ ಇರೋದು ಈರುಳ್ಳಿ ಸಿಪ್ಪೆಯಷ್ಟು ಮೂಳೆ.

ಹದಿನಾರು ವರ್ಷ ಎಳೆ ಹಿಡಿದು ಬದುಕಿದ ನಮಗೆ
ಯಾರೂ ಹೇಳಿರಲಿಲ್ಲ,
ಕೀವಿಗೂ ತುದಿ ಸಿಕ್ಕಿಬಿಡುತ್ತದೆ ಎಂದು.

ಡಾಕ್ಟರು ಪೆನ್ನಿನ ಕೆಂಪು ಮುಚ್ಚಳ ಹಿಡಿದರು.
ಬಲಗಣ್ಣಿಗೆ?
ಕೆಂಪು.
ಎಡಗಣ್ಣಿಗೆ?
ರೆಪ್ಪೆಯನ್ನು ಅವರೇ ಎತ್ತಿ ಹಿಡಿದಿದ್ದರು. ಬಹಳ ಹೊತ್ತು ಸುಮ್ಮನಿದ್ದು
"ಒಗೆದೊಗೆದ ಕೆಂಪು" ಅಂದಳು.
ಮುಚ್ಚಳ ಕೈಯಲ್ಲೇ ಇತ್ತು, ಡಾಕ್ಟರು ಓಡಿದರು.

ರಾತ್ರಿಯೇ ಹಲ್ಲು ಕಿತ್ತರು, ಕೀವು ಬಸಿದರು,
ಎರಡೆರಡು ಬಾಟಲಿ ಏರಿಸಿದರು.
ಹೊರಗೆ ಬೆಂಚಿನ ಮೇಲೆ ನಾನು
ನಾಲಿಗೆಯಲ್ಲಿ ನನ್ನ ಹಲ್ಲು ಎಣಿಸುತ್ತಿದ್ದೆ,
ಆರಕ್ಕೆ ಬಂದು ನಿಲ್ಲಿಸಿ
ಮತ್ತೆ ಒಂದರಿಂದ.

ಕಣ್ಣು ಉಳಿಯಿತು. ಪೂರ್ತಿಯೋ ಹೇಗೋ
ಅವಳು ಹೇಳಿಲ್ಲ.
ಬೋಗುಣಿಯ ಹಬೆಯಲ್ಲಿ ಒಂದು ಕಣ್ಣು ಮುಚ್ಚಿ
ನನ್ನ ಕಡೆ ನೋಡುತ್ತಾಳೆ, ಆಮೇಲೆ ಇನ್ನೊಂದು ಮುಚ್ಚಿ,
ನಾನು ಎಳೆಯಲ್ಲಿ ಮುಳುಗಿದವಳಂತೆ ಇರುತ್ತೇನೆ.
ಇರುವ ಕೆಂಪು ಸೀರೆ ಎರಡೇ.
ದಿನ ಬಿಟ್ಟು ದಿನ ಒಗೆದು
ಅವನ್ನೇ ಉಟ್ಟು ಬರುತ್ತೇನೆ.