ಇಪ್ಪತ್ನಾಲ್ಕು ಖಾನೆಗಳು

ಅರ್ಜಿಯಲ್ಲಿ ಇಪ್ಪತ್ನಾಲ್ಕು ಖಾನೆಗಳಿವೆ.
ಗುರುವಾರ ಸಂಜೆಯೊಳಗೆ ತುಂಬಬೇಕು.
ನಾನಿನ್ನೂ ಮೊದಲನೆಯದರಲ್ಲೇ
ಕರ್ಸರು ಕಣ್ಣು ಮಿಟುಕಿಸುವುದನ್ನು ನೋಡುತ್ತ ಕೂತಿದ್ದೇನೆ.

ಅಂತಾಕ್ಯದ ಹೊರಗೆ, ಜಿ ಸಾಲು, ನಲವತ್ತೊಂದನೇ ಕಂಟೇನರು.
ಜುಲೈ ಬಿಸಿಲಿಗೆ ತಗಡು ಟಪ್ಪೆಂದು ಹಿಗ್ಗುತ್ತದೆ.
ಪ್ರತಿ ಸಲ ಅಮ್ಮ ಬಾಗಿಲ ಕಡೆ ನೋಡುತ್ತಾಳೆ,
ಆಮೇಲೆ ನನ್ನ ಕಡೆ,
ಆಮೇಲೆ ಏನೂ ಆಗದವಳಂತೆ
ಬದನೆಕಾಯಿಯ ತಿರುಳು ತೋಡುತ್ತಾಳೆ.

ವೆಹ್ಬಿ ಮಾಮ ಬಂದಿದ್ದ.
"ಸಿವಿಲ್ ಇಂಜಿನಿಯರಿಂಗ್ ಬರೆದುಬಿಡು, ದಿಲ್ಷಾ.
ಇನ್ನು ಇಪ್ಪತ್ತು ವರ್ಷ ಈ ಊರಲ್ಲಿ ಕಟ್ಟುವುದೇ ಕೆಲಸ.
ಹಸಿದ ಊರಲ್ಲಿ ಅಡುಗೆಯವನಿಗೆ ಬರವೇ?"
ತನ್ನ ಮಾತಿಗೆ ತಾನೇ ನಕ್ಕ, ನಗು ಅರ್ಧಕ್ಕೆ ನಿಂತಿತು.
ಸಕ್ಕರೆ ಕರಗಿದ ಮೇಲೂ
ಬಹಳ ಹೊತ್ತು ಚಹಾ ಕಲಕುತ್ತಿದ್ದ.

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ.
ನನ್ನ ಅಂಕಗಳೂ ಸರಿಯಾಗಿ ಅಲ್ಲಿಗೇ ಮುಟ್ಟುತ್ತವೆ.
ಆದರೆ ಬಿದ್ದ ಕಟ್ಟಡಕ್ಕೂ ಒಂದು ನಕ್ಷೆ ಇತ್ತು,
ನಕ್ಷೆಯ ಕೆಳಗೊಂದು ಸಹಿ ಇತ್ತು,
ಸಹಿ ಹಾಕಿದವನೂ ಒಂದು ಜುಲೈಯಲ್ಲಿ
ಹೀಗೇ ಉಗುರು ಕಚ್ಚುತ್ತ ಖಾನೆ ತುಂಬಿರಬೇಕು.
ಅವನ ತಾಯಿ ನೆರೆಮನೆಗೆಲ್ಲ ಸಿಹಿ ಹಂಚಿರಬೇಕು.

ಮೆಲ್ತೆಮ್ ಇದ್ದದ್ದು ನಾಲ್ಕನೇ ಮಹಡಿಯಲ್ಲಿ.
ಲಾಗರಿದಮ್ ನನ್ನ ತಲೆಗೆ ಹತ್ತಿಸಿದವಳು ಅವಳೇ.
ಮೂವತ್ತರವರೆಗಿನ ಬದುಕನ್ನು ಚೌಕುಳಿ ಹಾಳೆಯಲ್ಲಿ
ಗೆರೆ ಎಳೆದು ಬಣ್ಣ ತುಂಬಿಟ್ಟಿದ್ದಳು:
ಇಜ್ಮೀರಿನಲ್ಲಿ ಫಾರ್ಮಸಿ, ಆಮೇಲೆ ಸ್ವಂತ ಅಂಗಡಿ,
ಇಪ್ಪತ್ತೇಳಕ್ಕೆ ಹಳದಿ ಕಾರು.
"ಹಳದಿ ಅಂದರೆ ಟ್ಯಾಕ್ಸಿ ಅಂದುಕೊಳ್ಳುತ್ತಾರೆ ಕಣೇ" ಅಂದಿದ್ದೆ.
"ಹತ್ತಿಸಿಕೊಂಡರಾಯಿತು, ದುಡ್ಡೂ ಬಂತು" ಅಂದಿದ್ದಳು.
ಅಂಥವಳು ಹೋದಳು.
ರಾತ್ರಿ ಊಟಕ್ಕೇನೆಂದೂ ಯೋಚಿಸಿರದ ನಾನು
ಅವಳ ಕಂಪಾಸ್ ಪೆಟ್ಟಿಗೆಯೊಂದಿಗೆ ಉಳಿದೆ.
ಶುಕ್ರವಾರ ಹಿಂತಿರುಗಿಸುವೆನೆಂದು ತಂದಿದ್ದೆ.

ಡೇರೆಯಲ್ಲಿ ಮಾರ್ಗದರ್ಶನ ಕೊಡುವ ಮೇಷ್ಟ್ರು,
ಅಂಕಾರಾದಿಂದ ಬಂದವರು, ಒಳ್ಳೆಯವರು, ಕೇಳಿದರು:
"ಹತ್ತು ವರ್ಷದ ನಂತರ ನಿನ್ನನ್ನು ಎಲ್ಲಿ ಕಾಣುತ್ತೀ?"
"ಬಾಗಿಲ ಹತ್ತಿರ" ಅಂದೆ.
ಪೆನ್ನು ಎತ್ತಿದವರು ಏನೂ ಬರೆಯಲಿಲ್ಲ.

ಅಜ್ಜಿಗೆ ರ‍್ಯಾಂಕು ಎಂದರೇನೆಂದು ತಿಳಿಯದು.
ಎರವಲು ಕೊಪ್ಪರಿಗೆಯಲ್ಲಿ ದಫ್ನೆ ಎಣ್ಣೆಯ ಸಾಬೂನು ಕಾಯಿಸಿ,
ಕತ್ತರಿಸಿ, ಮಂಚದ ಕೆಳಗೆಲ್ಲ ಗೋಪುರ ಪೇರಿಸಿದ್ದಾಳೆ.
ಒಣಗಲಿಕ್ಕೆ ಏಳು ತಿಂಗಳಂತೆ.
ಇದ್ದಕ್ಕಿದ್ದಂತೆ ಕೇಳಿದಳು, ನಿನ್ನದೆಷ್ಟನೆಯ ನಂಬರು?
ಒಂದು ಲಕ್ಷದ ನಲವತ್ತೆರಡು ಸಾವಿರದ ಚಿಲ್ಲರೆ, ಅಜ್ಜಿ.
ಬೆರಳ ಮೇಲೆ ಎಣಿಸಲು ಹೊರಟು ಬಿಟ್ಟಳು.
"ನಿನ್ನ ಮುಂದೆ ಅಷ್ಟೊಂದು ಮಕ್ಕಳು ಬದುಕಿದ್ದಾವಾ?
ಸದ್ಯ."

ನನಗೆ ನಾಚಿಕೆಯಾಯಿತು,
ಆ ಲಕ್ಷ ಜನರನ್ನು ರಾತ್ರಿಯಿಡೀ ಶಪಿಸಿದ್ದೆನಲ್ಲ.
ನಾಚಿಕೆ ಅರ್ಧ ಗಂಟೆ ಇತ್ತು. ಮತ್ತೆ ಶಪಿಸಿದೆ.

ಆಸಿ ನದಿಯ ದಂಡೆಗೆ ಹೋಗಿ ಬಂದೆ.
ಸೇತುವೆ ಇದೆ, ಸೇತುವೆಯ ಆಚೆ ಬಯಲು.
ಹೆಸರಿನ ಅರ್ಥವೇ ದಂಗೆಕೋರ, ಉತ್ತರಕ್ಕೆ ಹರಿಯುವ ಹೊಳೆ.
ಯಾರನ್ನು ಕೇಳಿ ಉತ್ತರವನ್ನು ಆರಿಸಿಕೊಂಡಿತೋ.
ಬೇಸಗೆಯಲ್ಲಿ ಮೊಣಕಾಲುದ್ದ ನೀರು, ನಾತ ಬೇರೆ.
ಸಮಾಧಾನಕ್ಕೆಂದು ಹೋದವಳು ಮೂಗು ಮುಚ್ಚಿ ವಾಪಸಾದೆ.

ನಡುರಾತ್ರಿ ಎರಡೂವರೆ.
ಮೊದಲ ಖಾನೆಯಲ್ಲಿ "ಇಜ್ಮೀರು, ಫಾರ್ಮಸಿ" ಎಂದು ಬರೆದೆ.
ಅದು ಅವಳದು. ಅಳಿಸಿದೆ.
"ಸಿವಿಲ್" ಎಂದು ಬರೆದು ಕೈ ಹಿಂತೆಗೆದೆ.
ಹಗಲು ಹಿಗ್ಗಿದ ತಗಡು ತಂಪಿಗೆ ಕುಗ್ಗಿ ಟಪ್ಪೆಂದಿತು,
ಅಮ್ಮನ ಕೈ ನಿದ್ದೆಯಲ್ಲೇ
ಮಂಚದ ಪಕ್ಕದ ಚಪ್ಪಲಿ ತಡವಿ ಸುಮ್ಮನಾಯಿತು.

ಉಳಿಸಲಿಲ್ಲ, ಅಳಿಸಲೂ ಇಲ್ಲ.
ಸಾಬೂನಿನ ವಾಸನೆಗೆ ಕಣ್ಣು ಉರಿಯುತ್ತಿದೆ.
ಇನ್ನೂ ಇಪ್ಪತ್ಮೂರಿವೆ.