ಕೂದಲೆಳೆ

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ
ಹಳೇ ಗೈಡುಗಳು, ಮುಚ್ಚಳವಿಲ್ಲದ ಕಂಪಾಸುಪೆಟ್ಟಿಗೆಗಳ ನಡುವೆ
ಎಂಟು ಮಡಿಕೆಯಾಗಿ ಕೂತಿತ್ತು.
ಬಿಡಿಸಿದೆ. ಮೊಣಕೈವರೆಗೂ ಬೆಟ್ಟ.

ಮೂಲೆಯಲ್ಲಿ ಎಪ್ಪತ್ತೆರಡರ ಇಸವಿ.
ಎಲ್ಲೋ ಈಶಾನ್ಯದ ಗಡಿಯ ಕಾಡು,
ಊರಿಲ್ಲ; ದಾರಿಯೆಂದರೆ ಚುಕ್ಕೆ ಚುಕ್ಕೆ,
ಅದೂ ಒಂದು ಕಣಿವೆಯ ಬಾಯಲ್ಲಿ ಮನಸ್ಸು ಬದಲಾಯಿಸಿ ನಿಂತುಬಿಡುತ್ತದೆ.
ಗೆರೆಗಳು ಮಾತ್ರ ಒತ್ತೊತ್ತು, ಹೆಬ್ಬೆಟ್ಟಿನ ಗುರುತಿನ ಹಾಗೆ.

ಹೆಬ್ಬೆಟ್ಟು ನನ್ನದೇ.

ಕೋರಮಂಗಲದ ಕಚೇರಿ, ಎರಡನೇ ಮಹಡಿ.
ನನಗೆ ಕಂದು: ಎತ್ತರದ ಗೆರೆಗಳು.
ಪಕ್ಕದ ಮೇಜಿನ ಚೌರಪ್ಪನವರಿಗೆ ನೀಲಿ.
ಹಸಿರು ಯಾರದೋ, ಹೆಸರುಗಳ ಕಪ್ಪು ಇನ್ಯಾರದೋ.
ಬೆಟ್ಟ ನಾನು ಕಂಡವಳಲ್ಲ,
ಲಾಲ್‌ಬಾಗಿನ ಬಂಡೆ ಹತ್ತಿದ್ದೇ ಹೆಚ್ಚು,
ಅದೂ ಚಪ್ಪಲಿ ಕೈಯಲ್ಲಿ ಹಿಡಿದು.
ಆದರೂ ಹನ್ನೊಂದು ತಿಂಗಳು ಸೂಜಿಮೊನೆಯ ಮೇಲೆ
ಆ ಇಳಿಜಾರುಗಳಲ್ಲಿ ಉಸಿರು ಬಿಗಿಹಿಡಿದು ನಡೆದೆ.
ಸೀನು ಬಂದರೆ ಕೈ ಎತ್ತಬೇಕು,
ಇಲ್ಲದಿದ್ದರೆ ಅಲ್ಲೊಂದು ಪ್ರಪಾತ ಹುಟ್ಟುತ್ತದೆ.

ತೊರೆ ಹಾಯುವಲ್ಲೆಲ್ಲ ನನ್ನ ಗೆರೆ
ಮೊಣಕೈ ಮಡಚಿ ಮೇಲಕ್ಕೆ ತಿರುಗಬೇಕು,
ಆ ಮಡಚಿನ ಒಳಗೇ ಅವರ ನೀಲಿ ಇಳಿಯಬೇಕು.
‘ಕಂದಮ್ಮಾ, ಜಾಗ ಬಿಟ್ಟಿದ್ದೀರಾ? ನೀರು ಬಿಡಲಾ?’
ಅನ್ನುತ್ತಿದ್ದರು, ತಲೆ ಎತ್ತದೆ.
ಅಷ್ಟೇ ಮಾತು. ಮಿಕ್ಕದ್ದು ಊಟದ ಡಬ್ಬಿ, ಬಸ್ಸಿನ ಹೊತ್ತು.

ಅವರ ಹಾಳೆ ಬೇರೆ, ನನ್ನ ಹಾಳೆ ಬೇರೆ.
ಎರಡೂ ಕೂಡುವುದು ದೂರದ ಯಾವುದೋ ಯಂತ್ರದಲ್ಲಿ,
ನಾವು ನೋಡದ ಕಡೆ. ಆಮೇಲೆ ಮೊಹರು, ಬೀರು, ಬೀಗ.
ಒಂದು ಚೂರೂ ಮನೆಗೊಯ್ಯುವಂತಿರಲಿಲ್ಲ.

ಈಗ ಎಂಬತ್ತು ರೂಪಾಯಿ.
ಕನ್ನಡಕ ಹಣೆಗೇರಿಸಿ, ಕಾಗದ ಮೂಗಿಗೆ ತಂದುಕೊಂಡು ನೋಡುತ್ತೇನೆ:
ನೀಲಿ ಜಾರಿದೆ. ಒಂದೇ ಒಂದು ಕೂದಲೆಳೆ, ಬಲಕ್ಕೆ.
ಹಾಳೆಯುದ್ದಕ್ಕೂ ನೀರು ತನ್ನ ಕಣಿವೆ ಬಿಟ್ಟು
ದಿಬ್ಬದ ಮೈಮೇಲೆ ಹರಿಯುತ್ತಿದೆ.
ನಾನು ಮಡಚಿಟ್ಟ ಅಷ್ಟೂ ಮೊಣಕೈಗಳು ಖಾಲಿ.

ಈ ಅಳತೆಗೆ ಕೂದಲೆಳೆ ಎಂದರೆ ಮೂರು ಮಾರು.
ನಮ್ಮ ಮೇಜುಗಳ ನಡುವೆ ಅಷ್ಟೂ ಇರಲಿಲ್ಲ.

‘ಯಾವೂರಮ್ಮ ಇದು?’ ಅಂದ ಅಂಗಡಿಯ ಹುಡುಗ,
ಬ್ಯಾಟರಿ ಕಡಿಮೆಯಾದ ಫೋನಿನಿಂದ ಕಣ್ಣು ಕಿತ್ತು.
‘ಕೋರಮಂಗಲ’ ಅಂದೆ.

ಬೆಟ್ಟಗಳನ್ನು ನೋಡಿದ, ನನ್ನನ್ನು ನೋಡಿದ,
ಹತ್ತು ರೂಪಾಯಿ ಇಳಿಸಿದ.