ಒಂದೂವರೆ

ಬುಧವಾರ ರಕ್ತ ತೆಳುವಾಗಿಸುವ ಮಾತ್ರೆಯವರ ದಿನ.
ಎದೆಯೊಳಗೆ ಲೋಹದ ಕವಾಟ ಇರುವವರು
ಲ್ಯಾಬಿನ ಬೆಂಚಿನ ಮೇಲೆ ಸಾಲಾಗಿ ಕೂರುತ್ತಾರೆ.
ಕರೆಂಟು ಹೋಗಿ ಫ್ಯಾನು ನಿಂತರೆ ಕೇಳಿಸುತ್ತದೆ
ನಾಲ್ಕಾರು ಗಡಿಯಾರ, ಯಾವುದೂ ಇನ್ನೊಂದರ ಹೊತ್ತಿಗಿಲ್ಲ.

ಬೈತಖೋಲದ ಶೇವಂತಿ ತಾಂಡೇಲ ಬರುವುದು
ಮೀನು ಮಾರಿ ಮುಗಿದ ಮೇಲೆ.
ಸೂಜಿ ಕಂಡು ಮುಖ ತಿರುಗಿಸುವವಳಲ್ಲ;
ಕೊಳವೆಯಲ್ಲಿ ಏರುವ ಕೆಂಪನ್ನು ನೋಡುತ್ತಾಳೆ
ಗಿರಾಕಿ ಕಿವಿರು ಎತ್ತಿ ನೋಡುವ ಹಾಗೆ.

ಹೋದ ಮಳೆಗಾಲ, ದೋಣಿ ಇಳಿಯದ ತಿಂಗಳಲ್ಲಿ,
ಅವಳ ಒಸಡಿನ ರಕ್ತ ನಿಲ್ಲಲಿಲ್ಲ.
ತೋಳಿನ ತುಂಬ ಮುರುಗಲ ಹಣ್ಣಿನ ಬಣ್ಣ.
ಮೂರು ತೋರಿಸಬೇಕಾದ ಯಂತ್ರ ಒಂಬತ್ತು ಅಂದಿತು.
"ಹೆಚ್ಚು ನುಂಗಿದೆಯಾ?" ಡಾಕ್ಟರು ಗದರಿದರು.
"ಚೀಟಿಯಲ್ಲಿದ್ದಷ್ಟೇ. ಐದು. ತಂಗಿಗೂ ಅದೇ ಐದು,
ಅವಳು ಬಂಡೆ ಹಾಗಿದ್ದಾಳೆ."

ತಂಗಿ ಪ್ರೇಮಾ. ಅದೇ ತಾಯಿ, ಅದೇ ಗಂಜಿ,
ಚಿಕ್ಕಂದಿನ ಅದೇ ಗಂಟಲುನೋವು, ಅದೇ ಕೀಲುಬಾವು, ಅದೇ ಕವಾಟ.
ಈ ಐದು ಎಲ್ಲಿಯದು?
ಯಾವ ಊರಿನ ಯಾವ ಮೈಗಳ ಮೇಲೆ ಅಳೆದು ಬರೆದದ್ದು?

ಮಣಿಪಾಲದಿಂದ ಕಾಗದ ಬಂತು,
ಅಕ್ಷರ ಅಂಕಿ ಕಲಸಿದ ಒಂದೇ ಸಾಲು. ಹೇಗೆ ಹೇಳಲಿ?
"ನಿನ್ನ ಲಿವರಿನೊಳಗೆ ಒಬ್ಬಳು ಕೂತಿದ್ದಾಳೆ ಅಂದುಕೋ,
ಮಾತ್ರೆ ಕೊಯ್ದು ಕೊಯ್ದು ಹೊರಗೆ ಎಸೆಯುವವಳು.
ಅವಳ ಮೆಟ್ಟುಗತ್ತಿ ಮೊಂಡು.
ನಿನ್ನೆಯ ಬುಟ್ಟಿ ಮುಗಿದಿಲ್ಲ, ಇವತ್ತಿನದು ಬಂತು."
"ಮಸೆಯಲಿಕ್ಕೆ ಬರೋದಿಲ್ವಾ?"
"ಇಲ್ಲ. ಮೀನು ಕಡಿಮೆ ಕಳಿಸಬೇಕು."
"ಕತ್ತಿ ಯಾರು ಕೊಟ್ಟದ್ದು, ಅಪ್ಪನೋ ಅಮ್ಮನೋ?"
"ಇಬ್ಬರೂ, ಒಂದೊಂದು."
ನಕ್ಕಳು. "ಮನೆ ಪಾಲಿನಲ್ಲಿ ಮಾತ್ರ ಏನೂ ಬರಲಿಲ್ಲ ನೋಡು."

ಈಗ ಅವಳಿಗೆ ಒಂದೂವರೆ.

ಈ ಬುಧವಾರ ಪಕ್ಕದಲ್ಲಿ ಯಾಂಗ್‌ಚೆನ್,
ಮುಂಡಗೋಡದ ಕ್ಯಾಂಪಿನವಳು,
ನರ್ಸ್ ಮಗಳ ಜೊತೆಗಿರಲು ಬಂದು
ಸಮುದ್ರವನ್ನು ಇನ್ನೂ ನಂಬದವಳು.
ಇಬ್ಬರೂ ಚೀಟಿ ಅದಲುಬದಲು ಮಾಡಿದರು,
ಓದಲು ಬಾರದ್ದನ್ನು ಬಿಟ್ಟು ಅಂಕಿಯನ್ನಷ್ಟೇ ನೋಡಿದರು.
ಒಂದೂವರೆ. ಒಂದೂವರೆ.
"ಅರೇ, ಇವಳದ್ದೂ ನನ್ನದೇ ಅಳತೆ!"
ಬೆಂಚಿನ ಆ ತುದಿಯಲ್ಲಿ ಪ್ರೇಮಾ
ಐದು ಹಿಡಿದು ಕೂತಿದ್ದಳು, ಬೀಗರ ಮನೆಗೆ ಬಂದವಳ ಹಾಗೆ.

ಯಾಂಗ್‌ಚೆನ್ನಳದು ಕತ್ತಿಯ ಮಾತಲ್ಲ, ಬೇರೆಯೇ ಕಾರಣ,
ಎಂದು ತಿದ್ದಲು ಬಾಯಿ ತೆರೆದೆ.
ಅಷ್ಟರಲ್ಲಿ ಶೇವಂತಿ ಬುಟ್ಟಿಯ ಎಲೆ ಸರಿಸಿ
ಮನೆಗೆಂದು ತೆಗೆದಿಟ್ಟ ಬಂಗಡೆಯಲ್ಲಿ ಎರಡು ಎತ್ತಿದಳು.
ಮೀನು ತಿನ್ನದ ಯಾಂಗ್‌ಚೆನ್
ಹತ್ತಿ ಒತ್ತಿದ ಮೊಣಕೈ ಮಡಿಸಿಕೊಂಡೇ
ಎರಡೂ ಕೈ ಒಡ್ಡಿದಳು.